ಅಪ್ಪನ ಜೊತೆ ಅಲಬಾಮಾ: ಆನಿಸ್ಟನ್‌ನಿಂದ ಸೆಲ್ಮಾವರೆಗೆ

ಊರಿಂದ ಅಪ್ಪ ಅಮ್ಮ ಬಂದರೆ ಇಲ್ಲಿರುವ ನಾವೆಲ್ಲ ನಯಾಗರಾ ತೋರಿಸುತ್ತೇವೆ, ಫ್ಲಾರಿಡಾದ ಸಮುದ್ರ ತೋರಿಸುತ್ತೇವೆ. ನಮ್ಮಪ್ಪ ಅಟ್ಲಾಂಟಾಗೆ ಬಂದಿಳಿದ ವಾರವೇ ಕೇಳಿದ್ದು ಬೇರೆ. "ರೋಸಾ ಪಾರ್ಕ್ಸ್ ಬಸ್ ಹತ್ತಿದ ಊರು ಇಲ್ಲಿಂದ ಎಷ್ಟು ದೂರ ಕಣಮ್ಮ?" ಹಾಸನದ ಕಡೆ ಹಳ್ಳಿ ಸ್ಕೂಲುಗಳಲ್ಲಿ ಮೇಷ್ಟ್ರಾಗಿ ರಿಟೈರ್ ಆದವರು ಅವರು. ಬಸ್ಸಿನಲ್ಲಿ ಬಿಳಿಯರಿಗೆ ಸೀಟು ಬಿಟ್ಟುಕೊಡದೆ ಅರೆಸ್ಟ್ ಆದ ಆ ಕಪ್ಪು ಹೆಂಗಸಿನ ಕಥೆಯನ್ನು ಮಕ್ಕಳಿಗೆ ಹೇಳದೆ ಒಂದು ವರ್ಷವೂ ಬಿಟ್ಟಿರಲಿಲ್ಲವಂತೆ. ಮಾಂಟ್‌ಗೊಮರಿ ನಮ್ಮ ಮನೆಯಿಂದ ಮೂರು ಗಂಟೆಯ ದಾರಿ ಅಂದೆ. "ಹಾಗಾದ್ರೆ ಇನ್ನೂ ಯಾಕೆ ನೀನು ನೋಡಿಲ್ಲ?" ಅಂದರು.

ಮಾರ್ಚ್ ಕೊನೆಯ ವಾರ ಹೊರಟೆವು. ಈ ಭಾಗದಲ್ಲಿ ಆಗ ಪೈನ್ ಮರಗಳ ಹಳದಿ ಪುಡಿ ಕಾರು, ರಸ್ತೆ, ಮೆಟ್ಟಿಲು ಎಲ್ಲದರ ಮೇಲೂ ಕೂತಿರುತ್ತದೆ. ಅಲರ್ಜಿ ಇರುವವರು ಮಾತ್ರೆ ಇಟ್ಟುಕೊಳ್ಳಲೇಬೇಕು. ಆದರೆ ಡಾಗ್‌ವುಡ್ ಮರಗಳು ಬೆಳ್ಳಗೆ ಹೂ ಬಿಟ್ಟಿರುತ್ತವೆ, ಬಿಸಿಲೂ ಹಿತವಾಗಿರುತ್ತದೆ. ವಾರಾಂತ್ಯ ಸೇರುವಂತೆ ಹೋಗಿದ್ದು ಒಳ್ಳೆಯದಾಯಿತು. ಅಲ್ಲಿನ ಎಷ್ಟೋ ಮ್ಯೂಸಿಯಂಗಳು ಸೋಮವಾರ ಬಾಗಿಲು ತೆಗೆಯುವುದಿಲ್ಲ.

ಗುರುವಾರ: ಅಟ್ಲಾಂಟಾ, ಆಮೇಲೆ ಆನಿಸ್ಟನ್

ಮೊದಲು ನಮ್ಮೂರಿನದೇ ಆಬರ್ನ್ ಅವೆನ್ಯೂ. ಮಾರ್ಟಿನ್ ಲೂಥರ್ ಕಿಂಗ್ 1929ರ ಜನವರಿ 15ರಂದು ಹುಟ್ಟಿದ ಮನೆ, ಅವರ ತಾತ, ಅಪ್ಪ, ಆಮೇಲೆ ಅವರೂ ಪಾದ್ರಿಯಾಗಿದ್ದ ಎಬೆನೀಜರ್ ಚರ್ಚ್, ಅವರ ಸಮಾಧಿ ಎಲ್ಲವೂ ನಡೆದು ಹೋಗುವಷ್ಟು ಹತ್ತಿರ. ಮನೆಯನ್ನು ಹೊರಗಿನಿಂದಲೇ ನೋಡಿದೆವು. ಹಳೆ ಚರ್ಚಿನ ಒಳಗೆ ಕಿಂಗ್ ಅವರ ಭಾಷಣದ ಧ್ವನಿಮುದ್ರಣ ಕೇಳಿಸುತ್ತಿರುತ್ತದೆ. ಅಪ್ಪ ಬೆಂಚಿನ ಮೇಲೆ ಕೂತವರು ಎದ್ದೇಳಲಿಲ್ಲ. ಅವರಿಗೆ ಅಮೆರಿಕನ್ ಇಂಗ್ಲಿಷ್ ಅಷ್ಟಾಗಿ ಹಿಡಿಯುವುದಿಲ್ಲ, ಆದರೆ ಆ ದನಿ ಹಿಡಿಯಿತು.

ಹೊರಗೆ ಗಾಂಧಿ ಪ್ರತಿಮೆ ಇದೆ, ಭಾರತದಿಂದಲೇ ಬಂದದ್ದು. ಅಲ್ಲಿ ನಿಂತು ಅಪ್ಪನಿಗೆ ಒಂದು ವಿಷಯ ಹೇಳಿದೆ. 1959ರಲ್ಲಿ ಕಿಂಗ್ ಮತ್ತು ಅವರ ಹೆಂಡತಿ ಕೊರೆಟ್ಟಾ ಸುಮಾರು ಒಂದು ತಿಂಗಳು ಭಾರತ ಸುತ್ತಿದ್ದರು. ಬೆಂಗಳೂರಿಗೂ ಬಂದಿದ್ದರು. ತಿರುವನಂತಪುರದ ಒಂದು ಹೈಸ್ಕೂಲಿನಲ್ಲಿ ಓದುತ್ತಿದ್ದವರು ಹೆಚ್ಚಾಗಿ ದಲಿತ ಮಕ್ಕಳು. ಅಲ್ಲಿನ ಪ್ರಿನ್ಸಿಪಾಲರು ಕಿಂಗ್ ಅವರನ್ನು ಪರಿಚಯಿಸುವಾಗ, ಇವರೂ ನಮ್ಮಂತೆಯೇ ಅಮೆರಿಕದ ಒಬ್ಬ ಅಸ್ಪೃಶ್ಯರು ಎಂಬ ಅರ್ಥದ ಮಾತಾಡಿದರು. ಕಿಂಗ್‌ಗೆ ಮೊದಲು ಕಸಿವಿಸಿಯಾಯಿತು. ಆಮೇಲೆ ತಮ್ಮ ದೇಶದ ಎರಡು ಕೋಟಿ ಕಪ್ಪು ಜನರ ಸ್ಥಿತಿ ನೆನೆದು, ಹೌದು, ನಾನೂ ಅಸ್ಪೃಶ್ಯನೇ ಅಂದುಕೊಂಡರಂತೆ. 1965ರಲ್ಲಿ ಇದೇ ಎಬೆನೀಜರ್ ಚರ್ಚಿನಲ್ಲಿ ಅವರೇ ಇದನ್ನು ಹೇಳಿಕೊಂಡರು. ಅಪ್ಪ ಕೇಳಿದ್ದು ಒಂದೇ ಪ್ರಶ್ನೆ. "ಆ ಪ್ರಿನ್ಸಿಪಾಲರ ಹೆಸರೇನು?" ನನಗೆ ಗೊತ್ತಿರಲಿಲ್ಲ.

ಮಧ್ಯಾಹ್ನ ಐ-20 ಹೆದ್ದಾರಿ ಹಿಡಿದು ಪಶ್ಚಿಮಕ್ಕೆ ಹೊರಟೆವು. ಅಲಬಾಮಾ ಗಡಿ ದಾಟಿದರೆ ಗಡಿಯಾರ ಒಂದು ಗಂಟೆ ಹಿಂದಕ್ಕೆ ಹೋಗುತ್ತದೆ. ಹೋಗುವಾಗ ಲಾಭ, ಬರುವಾಗ ನಷ್ಟ. ವಾಪಸ್ ಬರುವ ದಿನದ ಲೆಕ್ಕ ಹಾಕುವಾಗ ಇದನ್ನು ಮರೆಯಬಾರದು. ಸುಮಾರು 90 ಮೈಲಿ ಹೋದರೆ ಆನಿಸ್ಟನ್. ಬರ್ಮಿಂಗ್‌ಹ್ಯಾಮ್‌ಗೆ ಹೋಗುವವರಲ್ಲಿ ಇಲ್ಲಿ ಇಳಿಯುವವರು ಕಡಿಮೆ. ನನ್ನ ಮಟ್ಟಿಗೆ ಇಳಿಯಲೇಬೇಕಾದ ಊರು.

1961ರ ಮೇ 4ರಂದು 13 ಜನ ವಾಷಿಂಗ್‌ಟನ್‌ನಲ್ಲಿ ಬಸ್ ಹತ್ತಿದರು. 7 ಜನ ಕಪ್ಪು, 6 ಜನ ಬಿಳಿ. ರಾಜ್ಯದಿಂದ ರಾಜ್ಯಕ್ಕೆ ಹೋಗುವ ಬಸ್ಸಿನಲ್ಲಿ ಜನರನ್ನು ಬಣ್ಣ ನೋಡಿ ಕೂರಿಸಬಾರದು ಎಂದು ಸುಪ್ರೀಂ ಕೋರ್ಟ್ 1946ರಲ್ಲೇ ಹೇಳಿತ್ತು. ಬಸ್ ನಿಲ್ದಾಣದ ಕ್ಯಾಂಟೀನಿಗೂ ಅದು ಅನ್ವಯಿಸುತ್ತದೆ ಎಂದು 1960ರಲ್ಲಿ ಹೇಳಿತ್ತು. ದಕ್ಷಿಣದಲ್ಲಿ ಯಾರೂ ಅದನ್ನು ಲೆಕ್ಕಕ್ಕೇ ಇಟ್ಟಿರಲಿಲ್ಲ. ಕೋರ್ಟ್ ಕೊಟ್ಟ ಹಕ್ಕನ್ನು ಒಟ್ಟಿಗೆ ಕೂತು ಬಳಸಿ ನೋಡೋಣ ಎಂದು ಹೊರಟವರು ಇವರು. ಫ್ರೀಡಂ ರೈಡರ್ಸ್ ಅಂದರೆ ಇವರೇ. "ನಮ್ಮ ಸಂವಿಧಾನದ 17ನೇ ವಿಧಿ ಬಂದದ್ದು 1950ರಲ್ಲಿ. ಊರ ಹೋಟೆಲಿಗೆ ಅದು ಬಂದದ್ದು ಯಾವಾಗ ಹೇಳು?" ಅಂದರು ಅಪ್ಪ.

ಮೇ 14, ಅಮ್ಮಂದಿರ ದಿನ. ಗ್ರೇಹೌಂಡ್ ಬಸ್ ಆನಿಸ್ಟನ್ ನಿಲ್ದಾಣಕ್ಕೆ ಬಂದಾಗ ಗುಂಪು ಕಾದಿತ್ತು. ಕಿಟಕಿ ಒಡೆದರು, ಟೈರ್ ಕೊಯ್ದರು. ಬಸ್ ಹೇಗೋ ಹೊರಟಿತು. ಊರಾಚೆ ಟೈರ್ ಗಾಳಿ ಹೋಗಿ ನಿಂತಿತು. ಕಾರುಗಳಲ್ಲಿ ಹಿಂಬಾಲಿಸಿ ಬಂದವರು ಒಡೆದ ಕಿಟಕಿಯಿಂದ ಬೆಂಕಿಬಾಂಬ್ ಎಸೆದು, ಒಳಗಿದ್ದವರು ಹೊರಗೆ ಬರದಂತೆ ಬಾಗಿಲು ತಡೆದು ನಿಂತರು. ಯಾರೂ ಸಾಯಲಿಲ್ಲ ಅನ್ನುವುದು ಈಗಲೂ ಆಶ್ಚರ್ಯ. ಹೊರಬಿದ್ದು ಹೊಗೆಯಲ್ಲಿ ಉಸಿರು ಕಟ್ಟಿ ಹುಲ್ಲಿನ ಮೇಲೆ ಬಿದ್ದಿದ್ದವರಿಗೆ ಪಕ್ಕದ ಅಂಗಡಿಯವರ ಮಗಳು, ಜೇನಿ ಫೋರ್ಸೈತ್ ಅನ್ನುವ 12 ವರ್ಷದ ಬಿಳಿ ಹುಡುಗಿ, ನೀರು ತಂದುಕೊಟ್ಟಳು. ಊರವರ ಎದುರಿಗೇ.

ಹಳೆ ನಿಲ್ದಾಣದ ಪಕ್ಕದ ಗೋಡೆಯ ಮೇಲೆ ಬಸ್ಸಿನ ದೊಡ್ಡ ಚಿತ್ರವಿದೆ. 2017ರಲ್ಲಿ ಈ ಜಾಗಗಳನ್ನು ರಾಷ್ಟ್ರೀಯ ಸ್ಮಾರಕ ಮಾಡಿದರು. ಬಸ್ ಸುಟ್ಟ ಜಾಗ ಊರ ಹೊರಗೆ ರಸ್ತೆ ಬದಿಯಲ್ಲಿದೆ. ಜೋರು ಬೀಸುತ್ತಿದ್ದ ಗಾಳಿಗೆ ಅಪ್ಪನ ಟೋಪಿ ಹಾರಿ ರಸ್ತೆ ದಾಟಿ ಹೋಯಿತು. ಲಾರಿ ಥರದ ಗಾಡಿಯಲ್ಲಿ ಬರುತ್ತಿದ್ದ ಬಿಳಿಯರೊಬ್ಬರು ನಿಲ್ಲಿಸಿ, ಇಳಿದು, ಎತ್ತಿ ತಂದುಕೊಟ್ಟರು. "ಬಸ್ ನೋಡಲು ಬಂದಿರಾ? ನಾನು ಚಿಕ್ಕವನಿದ್ದಾಗ ನಮ್ಮ ಮನೆಯಲ್ಲಿ ಇದರ ಮಾತೇ ಎತ್ತುತ್ತಿರಲಿಲ್ಲ. ನನ್ನ ಮೊಮ್ಮಗಳು ಸ್ಕೂಲಿಂದ ಬಂದು ನನಗೆ ಹೇಳಿದಳು" ಅಂದರು. ಇನ್ನೇನೋ ಹೇಳಲು ಹೊರಟು, ಬಿಟ್ಟು, ಕೈಬೀಸಿ ಹೋದರು.

ಮೊದಲ ತಂಡದವರ ಬಸ್ ಪ್ರಯಾಣ ಬರ್ಮಿಂಗ್‌ಹ್ಯಾಮ್‌ನಲ್ಲಿ ನಿಂತಿತು. ಆಗ ಮುಂದುವರಿಸಿದವರು ನ್ಯಾಶ್ವಿಲ್‌ನ ಕಾಲೇಜು ಹುಡುಗ ಹುಡುಗಿಯರು, ಡಯಾನ್ ನ್ಯಾಶ್ ಅವರ ಮುಂದಾಳತ್ವದಲ್ಲಿ. ಹೊಡೆದರೆ ತಿರುಗಿ ಹೊಡೆಯದಿರುವುದನ್ನು ಅವರಿಗೆ ಕಲಿಸಿದ್ದವರು ಜೇಮ್ಸ್ ಲಾಸನ್. ಈ ಲಾಸನ್ ನಾಗಪುರದ ಹಿಸ್ಲಾಪ್ ಕಾಲೇಜಿನಲ್ಲಿ 1953ರಿಂದ ಮೂರು ವರ್ಷ ಇದ್ದು ಗಾಂಧಿ ಮಾರ್ಗವನ್ನು ಹತ್ತಿರದಿಂದ ಕಲಿತು ಹೋದವರು. ಬೈಯುವುದು, ತಳ್ಳುವುದು, ಸಿಗರೇಟ್ ಹೊಗೆ ಮುಖಕ್ಕೆ ಬಿಡುವುದು, ಎಲ್ಲವನ್ನೂ ತಮ್ಮತಮ್ಮಲ್ಲೇ ನಾಟಕದಂತೆ ಮಾಡಿ ಅಭ್ಯಾಸ ಮಾಡುತ್ತಿದ್ದರು. ಅಪ್ಪ ಈ ಹೆಸರನ್ನು ತಮ್ಮ ಪುಟ್ಟ ಡೈರಿಯಲ್ಲಿ ಬರೆದುಕೊಂಡರು. ಆ ಬೇಸಿಗೆ ಮುಗಿಯುವಷ್ಟರಲ್ಲಿ 400ಕ್ಕೂ ಹೆಚ್ಚು ಜನ ಹೀಗೆ ಬಸ್ ಹತ್ತಿದ್ದರು. ನವೆಂಬರ್ 1ರಿಂದ ನಿಲ್ದಾಣಗಳಲ್ಲಿ "ಬಿಳಿಯರಿಗೆ ಮಾತ್ರ" ಬೋರ್ಡುಗಳನ್ನು ಇಳಿಸಲೇಬೇಕೆಂದು ಕೇಂದ್ರದ ನಿಯಮ ಬಂತು.

ಶುಕ್ರವಾರ: ಬರ್ಮಿಂಗ್‌ಹ್ಯಾಮ್

ಬೆಳಗಿನ ತಿಂಡಿಗೆ ಗ್ರಿಟ್ಸ್ ಸಿಕ್ಕಿತು. ಮುಸುಕಿನ ಜೋಳದ ತರಿಯ ಗಂಜಿ. ಉಪ್ಪು, ಬೆಣ್ಣೆ ಹಾಕಿಕೊಂಡರೆ ನಮ್ಮ ಅಕ್ಕಿ ತರಿ ಗಂಜಿಯ ಹಾಗೇ ಇರುತ್ತದೆ. ಅಪ್ಪ ಬ್ಯಾಗಿನಿಂದ ಚಟ್ನಿಪುಡಿ ತೆಗೆದು ಉದುರಿಸಿಕೊಂಡು ಎರಡು ಬಟ್ಟಲು ತಿಂದರು.

ಬರ್ಮಿಂಗ್‌ಹ್ಯಾಮ್ ಕಬ್ಬಿಣ, ಉಕ್ಕಿನ ಊರು. ಕಪ್ಪು ಜನರ ಮನೆಗಳಿಗೆ ಅಷ್ಟೊಂದು ಬಾಂಬ್ ಬಿದ್ದು ಒಂದು ಬಡಾವಣೆಗೆ ಡೈನಮೈಟ್ ಹಿಲ್ ಅಂತಲೇ ಹೆಸರಾಯಿತು. ನೋಡಬೇಕಾದ್ದೆಲ್ಲ ಒಂದೇ ಚೌಕದ ಸುತ್ತ ಇದೆ. ಒಂದು ಕಡೆ 16ನೇ ಬೀದಿಯ ಬ್ಯಾಪ್ಟಿಸ್ಟ್ ಚರ್ಚ್, ಎದುರಿಗೆ ಕೆಲ್ಲಿ ಇಂಗ್ರಾಮ್ ಪಾರ್ಕ್, ಇನ್ನೊಂದು ಕಡೆ ಸಿವಿಲ್ ರೈಟ್ಸ್ ಇನ್‌ಸ್ಟಿಟ್ಯೂಟ್ ಮ್ಯೂಸಿಯಂ. ಕಾರು ಒಮ್ಮೆ ನಿಲ್ಲಿಸಿದರೆ ಸಂಜೆವರೆಗೆ ತೆಗೆಯಬೇಕಿಲ್ಲ.

ಪಾರ್ಕಿನಲ್ಲಿ ಒಂದು ಕಡೆ ಕಾಲುದಾರಿಯ ಎರಡೂ ಬದಿಯ ಗೋಡೆಗಳಿಂದ ಕಂಚಿನ ನಾಯಿಗಳು ಮೈಮೇಲೆ ಎರಗುವಂತೆ ನುಗ್ಗಿ ನಿಂತಿವೆ. ಅವುಗಳ ನಡುವೆಯೇ ನಡೆಯಬೇಕು. ಹಲ್ಲು ನಮ್ಮ ಸೊಂಟದ ಹತ್ತಿರ ಬರುತ್ತದೆ. 1963ರ ಮೇ ತಿಂಗಳಲ್ಲಿ ಇಲ್ಲಿ ಬಣ್ಣದ ಭೇದದ ವಿರುದ್ಧ ಮೆರವಣಿಗೆ ಹೊರಟ ಮಕ್ಕಳ ಮೇಲೆ ಬಿಟ್ಟ ನಾಯಿಗಳಿವು.

ಮಕ್ಕಳೇ ಯಾಕೆ? ಇದನ್ನು ಅಲ್ಲೇ ಬೆಂಚಿನ ಮೇಲೆ ಕೂತಿದ್ದ ಒಬ್ಬ ಹಿರಿಯರು ಹೇಳಿದರು. ತಲೆ ಪೂರ್ತಿ ಬೆಳ್ಳಗೆ, ಕೈಯಲ್ಲಿ ಕೋಲು. ಆಗ ಅವರಿಗೆ ಹದಿನಾಲ್ಕು. "ನಮ್ಮಪ್ಪ ಉಕ್ಕಿನ ಕಾರ್ಖಾನೆಯಲ್ಲಿದ್ದ. ಅವನು ಮೆರವಣಿಗೆಗೆ ಬಂದರೆ ಮಾರನೇ ದಿನ ಕೆಲಸ ಇಲ್ಲ. ನನ್ನನ್ನು ಯಾವ ಕೆಲಸದಿಂದ ತೆಗೀತಾರೆ?" ಅಂದರು. ರೇಡಿಯೊದಲ್ಲಿ ಹಾಡು ಹಾಕುವವರು ಗುಟ್ಟಿನ ಮಾತಲ್ಲಿ ದಿನ, ಹೊತ್ತು ತಿಳಿಸಿದ್ದರು. ಮೇ 2ರಂದು ಸ್ಕೂಲಿನ ಗೇಟ್ ಹಾರಿ, ಸಾವಿರಕ್ಕೂ ಹೆಚ್ಚು ಮಕ್ಕಳು ಈ ಚರ್ಚಿಗೆ ಬಂದರು. ಇಲ್ಲಿಂದ ಸಾಲು ಸಾಲಾಗಿ, ಹಾಡುತ್ತಾ ಹೊರಬಂದರು. ಮೊದಲ ಸಾಲು ಅರೆಸ್ಟ್ ಆದರೆ ಎರಡನೆಯದು, ಆಮೇಲೆ ಮೂರನೆಯದು. ಪೊಲೀಸ್ ವ್ಯಾನ್ ಸಾಲದೆ ಸ್ಕೂಲ್ ಬಸ್ ತಂದರು. ಜೈಲು ತುಂಬಿ ಜಾತ್ರೆ ಮೈದಾನದಲ್ಲಿ ಕೂಡಿಹಾಕಿದರು. ಆಡ್ರಿ ಫೇ ಹೆಂಡ್ರಿಕ್ಸ್ ಅನ್ನುವ ಹುಡುಗಿಗೆ 9 ವರ್ಷ, ಒಂದು ವಾರ ಒಳಗಿದ್ದಳು. ಮೇ 3ರಂದು ಊರಿನ ಪೊಲೀಸ್, ಅಗ್ನಿಶಾಮಕ ಎರಡಕ್ಕೂ ಮೇಲಿದ್ದ ಬುಲ್ ಕಾನರ್ ನೀರಿನ ಪೈಪು ಮತ್ತು ನಾಯಿ ಬಿಟ್ಟ. ಫೋಟೋಗಳು ಜಗತ್ತಿಗೆಲ್ಲ ಹೋದವು. ಮೇ 10ಕ್ಕೆ ಊರಿನ ವ್ಯಾಪಾರಿಗಳು ಒಪ್ಪಂದಕ್ಕೆ ಬಂದರು. ಮುಂದಿನ ವರ್ಷ, 1964ರ ಜುಲೈ 2ರಂದು ನಾಗರಿಕ ಹಕ್ಕು ಕಾಯ್ದೆ ಬಂತು.

"ಭಯ ಆಗಲಿಲ್ವಾ ಅಂತ ಕೇಳು" ಅಂದರು ಅಪ್ಪ. ಕೇಳಿದೆ. "ನೀರು ಹೊಡೆದಾಗ ಆಯಿತು. ಒಳಗೆ ಹೋದ ಮೇಲೆ ಆಗಲಿಲ್ಲ. ನನ್ನ ಕ್ಲಾಸಿನವರೆಲ್ಲ ಅಲ್ಲೇ ಇದ್ದರಲ್ಲ" ಅಂದರು.

ಚರ್ಚಿಗೆ ಟೂರ್ ಸಮಯ ನೋಡಿಕೊಂಡು ಹೋಗಬೇಕು. 1963ರ ಸೆಪ್ಟೆಂಬರ್ 15, ಭಾನುವಾರ, ಬೆಳಿಗ್ಗೆ 10 ಗಂಟೆ 22 ನಿಮಿಷ. ಮೆಟ್ಟಿಲ ಕೆಳಗೆ ಇಟ್ಟಿದ್ದ ಡೈನಮೈಟ್ ಸಿಡಿದು ನಾಲ್ವರು ಹುಡುಗಿಯರು ಸತ್ತರು. ಆ್ಯಡಿ ಮೇ ಕಾಲಿನ್ಸ್, ಸಿಂಥಿಯಾ ವೆಸ್ಲಿ, ಕ್ಯಾರೊಲ್ ರಾಬರ್ಟ್‌ಸನ್, ಮೂವರಿಗೂ 14 ವರ್ಷ. ಡೆನಿಸ್ ಮ್ಯಾಕ್‌ನೇರ್‌ಗೆ 11. ಆ್ಯಡಿಯ ತಂಗಿ ಸಾರಾ ಬದುಕಿದಳು, ಒಂದು ಕಣ್ಣು ಹೋಯಿತು. ಗೈಡ್ ಅಕ್ಕ ಆ ಹೆಸರುಗಳನ್ನು ನಿಧಾನವಾಗಿ, ಒಂದೊಂದಾಗಿ ಹೇಳಿದರು. ಗೋಡೆ ಗಡಿಯಾರ ಆ ಹೊತ್ತಿಗೇ ನಿಂತುಹೋಗಿತ್ತಂತೆ. ಅಪರಾಧಿಗಳಲ್ಲಿ ಮೊದಲನೆಯವನಿಗೆ ಶಿಕ್ಷೆ ಆದದ್ದು 1977ರಲ್ಲಿ. ಉಳಿದ ಇಬ್ಬರಿಗೆ 2001 ಮತ್ತು 2002ರಲ್ಲಿ. ನ್ಯಾಯಕ್ಕೆ 39 ವರ್ಷ ಹಿಡಿಯಿತು. ಆ ತಾಯಂದಿರು ಅಷ್ಟು ವರ್ಷ ಅದೇ ಊರಿನಲ್ಲಿ ತರಕಾರಿ ಕೊಂಡು, ಬಸ್ ಹತ್ತಿ ಬದುಕಿದರು ಅನ್ನುವುದನ್ನು ಯೋಚಿಸಿದರೆ ನನಗೆ ಸಿಟ್ಟು ಬರುತ್ತದೆ, ಈಗಲೂ.

ಹಿಂದಿನ ಗೋಡೆಯಲ್ಲಿ ಒಂದು ಬಣ್ಣದ ಗಾಜಿನ ಕಿಟಕಿ. ಅದರಲ್ಲಿರುವ ಯೇಸು ಕಪ್ಪು ಮನುಷ್ಯ, ಎರಡೂ ಕೈ ಚಾಚಿ ನಿಂತಿದ್ದಾನೆ. ಬ್ರಿಟನ್ನಿನ ವೇಲ್ಸ್ ಜನ ಚಂದಾ ಎತ್ತಿ ಕಳಿಸಿದ್ದು. ಒಬ್ಬರಿಂದ ಅರ್ಧ ಕ್ರೌನ್‌ಗಿಂತ ಜಾಸ್ತಿ ತೆಗೆದುಕೊಳ್ಳಲಿಲ್ಲವಂತೆ. ಯಾರೋ ಒಬ್ಬ ದೊಡ್ಡ ಸಾಹುಕಾರ ಕೊಡಿಸಿದ್ದು ಅಂತ ಆಗಬಾರದು, ಊರೆಲ್ಲ ಸೇರಿ ಕೊಟ್ಟದ್ದಾಗಬೇಕು ಎಂದು.

ಊಟಕ್ಕೆ ಹತ್ತಿರದ ಒಂದು ಕೆಫೆಟೀರಿಯಾ. ಸಸ್ಯಾಹಾರಿಗಳು ಇಲ್ಲಿ ಬಾಯಿ ಬಿಟ್ಟು ಕೇಳಬೇಕು. ಸೊಪ್ಪು, ಹುರುಳಿಕಾಯಿ ನೋಡಲು ಬರೀ ತರಕಾರಿ, ಆದರೆ ಹಂದಿಮಾಂಸದ ತುಂಡು ಹಾಕಿ ಬೇಯಿಸುವುದು ಇಲ್ಲಿನ ಪದ್ಧತಿ. ಬಡಿಸುತ್ತಿದ್ದ ಅಜ್ಜಿ ಅಪ್ಪನ ತಟ್ಟೆಗೆ ತಾವೇ ನೋಡಿ ನೋಡಿ ಹಾಕಿದರು. ಹುರಿದ ಬೆಂಡೆಕಾಯಿ, ಜೋಳದ ಬ್ರೆಡ್, ಹಂದಿ ಹಾಕದ ಅಲಸಂದೆ. ಬೆಂಡೆ, ಅಲಸಂದೆ ಎರಡೂ ಈ ನೆಲಕ್ಕೆ ಬಂದದ್ದು ಗುಲಾಮರನ್ನು ತಂದ ಹಡಗುಗಳ ಕಾಲದಲ್ಲಿ, ಆಫ್ರಿಕಾದಿಂದ. ನಮ್ಮ ಮನೆಯಲ್ಲೂ ವಾರಕ್ಕೊಮ್ಮೆ ಇದೇ ಎಂದೆ. "ಹಾಗಾದರೆ ನೀವು ನೆಂಟರು" ಎಂದು ಅಜ್ಜಿ ಇನ್ನೊಂದು ಸೌಟು ಹಾಕಿದರು.

ಮ್ಯೂಸಿಯಂನಲ್ಲಿ ಕಿಂಗ್ ಅವರನ್ನು ಕೂಡಿಟ್ಟಿದ್ದ ಜೈಲಿನ ಬಾಗಿಲಿದೆ. 1963ರ ಏಪ್ರಿಲ್‌ನಲ್ಲಿ, ಸ್ವಲ್ಪ ಕಾಯಿರಿ ಎಂದ ಪಾದ್ರಿಗಳಿಗೆ ಅವರು ಆ ಉದ್ದದ ಪತ್ರ ಬರೆದದ್ದು ಅಲ್ಲಿಂದಲೇ. ಅಪ್ಪ ಮಾತ್ರ ಅಲ್ಲಿ ನಿಲ್ಲಲಿಲ್ಲ. ಅವರು ನಿಂತದ್ದು ಎರಡು ನೀರಿನ ನಲ್ಲಿಗಳ ಮುಂದೆ. ಒಂದರ ಮೇಲೆ ಬಿಳಿಯರಿಗೆ ಎಂದು ಬರಹ, ಇನ್ನೊಂದರ ಮೇಲೆ ಕಪ್ಪು ಜನರಿಗೆ ಎಂದು.

"ನಾನು ಮೊದಲು ಕೆಲಸಕ್ಕೆ ಸೇರಿದ ಊರಲ್ಲಿ ಹೋಟೆಲ್ ಹೊರಗೆ ಗೋಡೆ ಮೇಲೆ ಬೇರೆ ಲೋಟ ಇಟ್ಟಿರ್ತಿದ್ರು" ಅಂದರು. "ಕೇರಿಯವರು ಬಂದ್ರೆ ಅವರೇ ತೊಳಕೊಂಡು ಹಿಡೀಬೇಕು. ಇವನು ಮೇಲಿಂದ ಕಾಫಿ ಸುರೀತಿದ್ದ. ಬೋರ್ಡು ಗೀರ್ಡು ಏನೂ ಇರಲಿಲ್ಲ. ಬೋರ್ಡಿಲ್ಲದೇನೇ ಎಲ್ಲರಿಗೂ ಗೊತ್ತಿತ್ತು." ಹಾಗಂದು ಮುಂದೆ ನಡೆದರು. ಬೋರ್ಡು ಇದ್ದರೆ ಒಂದು ದಿನ ಕಿತ್ತುಹಾಕಬಹುದು. ಬೋರ್ಡೇ ಇಲ್ಲದ್ದನ್ನು ಏನು ಮಾಡುವುದು ಅನ್ನುವುದು ಮಾಂಟ್‌ಗೊಮರಿ ತಲುಪುವವರೆಗೂ ನನ್ನ ತಲೆಯಲ್ಲಿತ್ತು.

ಶನಿವಾರ: ಮಾಂಟ್‌ಗೊಮರಿ

ರಾತ್ರಿ ನಿದ್ದೆ ಆಗಲಿಲ್ಲ. ಉಳಿದುಕೊಂಡಿದ್ದ ಮೋಟೆಲಿನಲ್ಲಿ ಒಂದು ಗಂಟೆ ಸುಮಾರಿಗೆ ಫೋನು ಕಿರುಚಿತು, ಹೊರಗೆ ಸೈರನ್. ಸುಂಟರಗಾಳಿಯ ಎಚ್ಚರಿಕೆ. ಮಾರ್ಚ್, ಏಪ್ರಿಲ್‌ನಲ್ಲಿ ಅಲಬಾಮಾಗೆ ಹೋಗುವವರು ಫೋನಿನ ಈ ಅಲಾರಂ ಆಫ್ ಮಾಡಬಾರದು, ಆದಷ್ಟು ಕೆಳಗಿನ ಮಹಡಿಯಲ್ಲಿ ರೂಮು ತೆಗೆದುಕೊಳ್ಳಬೇಕು. ಎಲ್ಲರೂ ಕಿಟಕಿಯಿಲ್ಲದ ಓಣಿಯಲ್ಲಿ ನೆಲದ ಮೇಲೆ ಕೂತೆವು. ಯಾರೋ ಅಪ್ಪನಿಗೆ ಕುರ್ಚಿ ತಂದರು. ಆಕಾಶ ಒಂದೇ ಸಮನೆ ಗುಡುಗುತ್ತಿತ್ತು.

ಪಕ್ಕದಲ್ಲಿದ್ದ ನರ್ಸ್ ಒಬ್ಬರು ಮಾತಿಗೆ ಸಿಕ್ಕರು. ಮಾಂಟ್‌ಗೊಮರಿಯವರೇ, ನೆಂಟರ ಮದುವೆಗೆಂದು ಬಂದು ಅಲ್ಲಿ ಉಳಿದಿದ್ದರು. ಅವರ ಅಜ್ಜಿ ಬಿಳಿಯರ ಮನೆಯಲ್ಲಿ ಅಡುಗೆ ಮಾಡಿಕೊಂಡಿದ್ದವರು. ರೋಸಾ ಪಾರ್ಕ್ಸ್ ಅರೆಸ್ಟ್ ಆದ ಮೇಲೆ ಊರಿನ ಕಪ್ಪು ಜನ ಬಸ್ ಹತ್ತುವುದನ್ನೇ ಬಿಟ್ಟರಲ್ಲ, ಆ ಬಸ್ ಬಹಿಷ್ಕಾರದ ಅಷ್ಟೂ ದಿನ ನಡೆದೇ ಕೆಲಸಕ್ಕೆ ಹೋದರಂತೆ. "ಅಜ್ಜಿ ಬೂಟಿನೊಳಗೆ ರಟ್ಟು ಇಟ್ಟುಕೊಳ್ಳುತ್ತಿದ್ದಳು. ಮಳೆ ಬಂದರೆ ರಟ್ಟು ಮುದ್ದೆ" ಅಂದರು. ಆಮೇಲೆ ಜಾರ್ಜಿಯಾ ಗಿಲ್ಮೋರ್ ಹೆಸರು ಹೇಳಿದರು. ಈಕೆಯೂ ಅಡುಗೆಯವಳು. ಕೋರ್ಟಿನಲ್ಲಿ ಬಸ್ಸಿನವರ ವಿರುದ್ಧ ಸಾಕ್ಷಿ ಹೇಳಿದ್ದಕ್ಕೆ ಕೆಲಸ ಹೋಯಿತು. ಮನೆಯಲ್ಲೇ ಅಡುಗೆ ಮಾಡಿ ಮಾರಲು ಶುರುಮಾಡಿದಳು. ಇತರ ಹೆಂಗಸರನ್ನು ಸೇರಿಸಿಕೊಂಡು ಕೇಕು, ಪೈ, ಊಟ ಮಾರಿ ಬಂದ ದುಡ್ಡನ್ನು ಚಳವಳಿಗೆ ಕೊಟ್ಟಳು. ಆ ಗುಂಪಿನ ಹೆಸರೇ "ಎಲ್ಲಿಂದಲೂ ಅಲ್ಲದ ಕ್ಲಬ್". ದುಡ್ಡು ಎಲ್ಲಿಂದ ಬಂತು ಅಂದರೆ ಎಲ್ಲಿಂದಲೂ ಅಲ್ಲ. ಕೊಂಡವರಲ್ಲಿ ಬಿಳಿಯರೂ ಇದ್ದರು. ಅವರ ದುಡ್ಡೂ ಹೀಗೆ ಬಸ್ ಬಹಿಷ್ಕಾರದ ಪೆಟ್ರೋಲಾಯಿತು.

ಸೈರನ್ ನಿಂತು, ಎಲ್ಲರೂ ರೂಮಿಗೆ ಹೋದಾಗ ಅಪ್ಪ ಅಂದರು, "ಇಷ್ಟು ವರ್ಷ ಪಾಠ ಮಾಡಿದೆ, ಈ ಹೆಂಗಸಿನ ಹೆಸರು ಯಾವ ಪುಸ್ತಕದಲ್ಲೂ ಇರಲಿಲ್ಲ ನೋಡು."

ಬೆಳಿಗ್ಗೆ ಆಕಾಶ ತೊಳೆದಿಟ್ಟಂತಿತ್ತು. ಕೋರ್ಟ್ ಸ್ಕ್ವೇರ್ ಕಾರಂಜಿಯ ಹತ್ತಿರ ರೋಸಾ ಪಾರ್ಕ್ಸ್ ಪ್ರತಿಮೆ ಇದೆ. 1955ರ ಡಿಸೆಂಬರ್ 1ರ ಸಂಜೆ ಅವರು ಬಸ್ ಹತ್ತಿದ್ದು ಈ ಚೌಕದಲ್ಲಿ. ಅದಕ್ಕೂ ನೂರು ವರ್ಷ ಹಿಂದೆ ಇದೇ ಚೌಕದಲ್ಲಿ ಗುಲಾಮರೆಂದು ಜನರನ್ನು ಹರಾಜು ಹಾಕುತ್ತಿದ್ದರು. ಒಂದೆರಡು ಬೀದಿ ಆಚೆ ಪಾರ್ಕ್ಸ್ ಅವರನ್ನು ಅರೆಸ್ಟ್ ಮಾಡಿದ ಜಾಗದಲ್ಲೇ ಈಗ ಅವರ ಮ್ಯೂಸಿಯಂ ಇದೆ.

ಪಾಪ, ದಣಿದ ದರ್ಜಿ ಹೆಂಗಸು, ಕಾಲು ನೋಯುತ್ತಿತ್ತು, ಅದಕ್ಕೆ ಎದ್ದೇಳಲಿಲ್ಲ ಎಂದು ಹೇಳುತ್ತಾರಲ್ಲ, ಆ ಕಥೆ ನನಗೆ ಸ್ವಲ್ಪವೂ ಇಷ್ಟವಿಲ್ಲ. ರೋಸಾ ಪಾರ್ಕ್ಸ್ 1943ರಿಂದಲೇ ಕಪ್ಪು ಜನರ ಹಕ್ಕಿನ ಹೋರಾಟದ ಸಂಘದಲ್ಲಿ ಕಾರ್ಯದರ್ಶಿಯ ಕೆಲಸ ಮಾಡಿದವರು. ಆ ಬೇಸಿಗೆಯಲ್ಲಿ ಟೆನ್ನೆಸಿಯ ಹೈಲ್ಯಾಂಡರ್ ಶಾಲೆಗೆ ಹೋಗಿ ಚಳವಳಿ ಕಟ್ಟುವ ತರಬೇತಿ ಪಡೆದು ಬಂದಿದ್ದರು. ಅದೇ ವರ್ಷ ಮಾರ್ಚ್ 2ರಂದು ಕ್ಲಾಡೆಟ್ ಕಾಲ್ವಿನ್ ಅನ್ನುವ 15 ವರ್ಷದ ಹುಡುಗಿಯೂ ಸೀಟು ಬಿಟ್ಟುಕೊಡದೆ ಜೈಲಿಗೆ ಹೋಗಿದ್ದಳು. ಪಾರ್ಕ್ಸ್ ಅರೆಸ್ಟ್ ಆದ ರಾತ್ರಿಯೇ ಜೋ ಆನ್ ರಾಬಿನ್ಸನ್ ಅನ್ನುವ ಕಾಲೇಜು ಟೀಚರ್ ನಿದ್ದೆಗೆಟ್ಟು ಸಾವಿರಾರು ಕರಪತ್ರ ಸೈಕ್ಲೋಸ್ಟೈಲ್ ಮಾಡಿದರು. ಬೆಳಗಾಗುವಷ್ಟರಲ್ಲಿ ಕಾಗದ ಸಿದ್ಧ. ಬಹುದಿನದಿಂದ ತಯಾರಾಗಿ ಕೂತಿದ್ದ ಊರು ಅದು. ಡಿಸೆಂಬರ್ 5ರಿಂದ 381 ದಿನ ಬಸ್ಸುಗಳು ಖಾಲಿ ಓಡಿದವು. ಕೆಲಸದವಳಿಲ್ಲದೆ ಆಗದ ಬಿಳಿ ಮನೆಯೊಡತಿಯರು ತಾವೇ ಕಾರಿನಲ್ಲಿ ಬಂದು ಕರೆದುಕೊಂಡು ಹೋದರು. ಕಡೆಗೆ ಸುಪ್ರೀಂ ಕೋರ್ಟ್ ಬಸ್ಸಿನ ಭೇದವನ್ನು ತೆಗೆದುಹಾಕಿತು. ಆ ಕೇಸಿನ ವಾದಿಗಳಲ್ಲಿ ಕಾಲ್ವಿನ್ ಕೂಡ ಒಬ್ಬಳು.

ಡೆಕ್ಸ್‌ಟರ್ ಅವೆನ್ಯೂ ಏರಿ ನಡೆದರೆ ಕಿಂಗ್ ಪಾದ್ರಿಯಾಗಿದ್ದ ಇಟ್ಟಿಗೆ ಚರ್ಚು. ಬಹಿಷ್ಕಾರ ಶುರುವಾದಾಗ ಅವರಿಗೆ ಬರೀ 26 ವರ್ಷ. ಜ್ಯಾಕ್ಸನ್ ಬೀದಿಯಲ್ಲಿದ್ದ ಅವರ ಮನೆಗೆ 1956ರ ಜನವರಿ 30ರಂದು ಬಾಂಬ್ ಹಾಕಿದರು. ಹೆಂಡತಿ, ಹಸುಗೂಸು ಒಳಗಿದ್ದರು. ಜಗುಲಿಯಲ್ಲಿ ಆದ ಕುಳಿ ಈಗಲೂ ಕಾಣುತ್ತದೆ.

ಮಧ್ಯಾಹ್ನದ ಮೇಲೆ ಲೆಗಸಿ ಮ್ಯೂಸಿಯಂ ಮತ್ತು ಗುಡ್ಡದ ಮೇಲಿನ ಸ್ಮಾರಕ. ಐದು ಡಾಲರಿನ ಒಂದೇ ಟಿಕೆಟ್‌ನಲ್ಲಿ ಎರಡನ್ನೂ ನೋಡಬಹುದು. ಮ್ಯೂಸಿಯಂ ಒಳಗೆ ಫೋಟೋ ತೆಗೆಯುವ ಹಾಗಿಲ್ಲ, ಅದೇ ಒಳ್ಳೆಯದು. ಒಂದು ಗೋಡೆಯ ತುಂಬ ಗಾಜಿನ ಜಾಡಿಗಳು. ಒಂದೊಂದರಲ್ಲೂ ಕಪ್ಪು ಜನರನ್ನು ಗುಂಪುಗೂಡಿ ಕೊಂದ ಜಾಗದ ಮಣ್ಣು, ಮೇಲೆ ಸತ್ತವರ ಹೆಸರು, ಊರು, ತಾರೀಕು. ಕೆಂಪು, ಕಪ್ಪು, ಬೂದಿ, ಮರಳು. ಮನೆಯವರು, ಊರವರು ತಾವೇ ಅಗೆದು ತಂದ ಮಣ್ಣದು.

ಗುಡ್ಡದ ಸ್ಮಾರಕದಲ್ಲಿ 800ಕ್ಕೂ ಹೆಚ್ಚು ತುಕ್ಕು ಬಣ್ಣದ ಉಕ್ಕಿನ ಕಂಬಗಳು, ಒಂದೊಂದು ಕೌಂಟಿಗೆ, ಅಂದರೆ ನಮ್ಮ ಜಿಲ್ಲೆಯಂಥದ್ದಕ್ಕೆ, ಒಂದೊಂದು. 1877ರಿಂದ 1950ರವರೆಗೆ ಹೀಗೆ ಕೊಂದ 4,400ಕ್ಕೂ ಹೆಚ್ಚು ಜನರ ನೆನಪಿಗೆ. ಶುರುವಿನಲ್ಲಿ ಕಂಬಗಳು ಕಣ್ಣಿನ ಮಟ್ಟದಲ್ಲಿರುತ್ತವೆ, ಹೆಸರು ಓದಬಹುದು. ನಡೆದಂತೆ ನೆಲ ಇಳಿಜಾರಾಗುತ್ತದೆ, ಕಂಬಗಳು ಮೇಲೇ ಉಳಿಯುತ್ತವೆ. ಕೊನೆಗೆ ಎಲ್ಲವೂ ತಲೆ ಮೇಲೆ ತೂಗುತ್ತಿರುತ್ತವೆ. ಗೋಡೆಯಲ್ಲಿ ಕಾರಣಗಳನ್ನು ಬರೆದಿದ್ದಾರೆ. ವಾರೆನ್ ಪೊವೆಲ್, 14 ವರ್ಷ, ಜಾರ್ಜಿಯಾದ ಈಸ್ಟ್ ಪಾಯಿಂಟ್, 1889. ಒಬ್ಬ ಬಿಳಿ ಹುಡುಗಿಯನ್ನು ಹೆದರಿಸಿದನೆಂದು ಕೊಂದರು. ಈಸ್ಟ್ ಪಾಯಿಂಟ್ ನಮ್ಮ ಅಟ್ಲಾಂಟಾ ವಿಮಾನ ನಿಲ್ದಾಣದ ಪಕ್ಕದ ಊರು. ಅಪ್ಪನನ್ನು ಕರೆತರಲು ಹೋದಾಗ ಅದರ ಪಕ್ಕದಲ್ಲೇ ಹೋಗಿದ್ದೆ.

ಭಾನುವಾರ: ಸೆಲ್ಮಾ

ಊಟ ಮಾಂಟ್‌ಗೊಮರಿಯಲ್ಲೇ ಕಟ್ಟಿಸಿಕೊಂಡೆವು. ಭಾನುವಾರ ಸೆಲ್ಮಾದಲ್ಲಿ ಸಿಗುವುದೋ ಇಲ್ಲವೋ ಹೇಳಲಾಗದು. ಹೈವೇ 80ರಲ್ಲಿ ಸುಮಾರು 50 ಮೈಲಿ. ಎರಡೂ ಬದಿ ಹುಲ್ಲುಗಾವಲು, ದನ, ಮಳೆನೀರು ನಿಂತ ಹಳ್ಳ. ಸೆಲ್ಮಾ ಬಡ ಊರು. ಅದರ ಮೇಲೆ 2023ರ ಜನವರಿಯಲ್ಲಿ ಸುಂಟರಗಾಳಿ ಬೇರೆ ಹೊಡೆಯಿತು. ಮುರಿದ ಮನೆಗಳು ಇನ್ನೂ ಇವೆ. ಇಲ್ಲಿ ಪೆಟ್ರೋಲು, ಕಾಫಿ, ಏನು ಬೇಕೋ ಇಲ್ಲಿನವರ ಹತ್ತಿರವೇ ಕೊಳ್ಳಿ ಅನ್ನುತ್ತೇನೆ.

ಬ್ರೌನ್ ಚಾಪೆಲ್ ಚರ್ಚಿನ ಹತ್ತಿರ ಪ್ರಾರ್ಥನೆಗೆ ಹೊರಟ ಹೆಂಗಸೊಬ್ಬರು ಅಪ್ಪನ ವೃತ್ತಿ ಕೇಳಿದರು. ಮೇಷ್ಟ್ರು ಎಂದೊಡನೆ, "ಹಾಗಾದರೆ ಮೊದಲು ಕೋರ್ಟ್‌ಹೌಸ್ ನೋಡಿ. ನಮ್ಮ ಟೀಚರುಗಳು ಹೋದದ್ದು ಅಲ್ಲಿಗೆ" ಅಂದರು. ಆ ಕೌಂಟಿಯಲ್ಲಿ ಮತದಾನಕ್ಕೆ ಅರ್ಹರಾದ ಕಪ್ಪು ಜನರು ಸುಮಾರು 15,000. ಪಟ್ಟಿಯಲ್ಲಿದ್ದವರು ಮುನ್ನೂರು ಚಿಲ್ಲರೆ. ಹೆಸರು ಬರೆಸುವ ಕಚೇರಿ ತಿಂಗಳಿಗೆ ಎರಡೇ ದಿನ ತೆರೆಯುತ್ತಿತ್ತು. ಹೋದರೆ ಸಂವಿಧಾನದ ಬಗ್ಗೆ ಪರೀಕ್ಷೆ. ಪಾಠ ಹೇಳುವ ಟೀಚರುಗಳನ್ನೇ ಫೇಲು ಮಾಡುತ್ತಿದ್ದರು.

1965ರ ಜನವರಿ 22ರಂದು ನೂರಕ್ಕೂ ಹೆಚ್ಚು ಟೀಚರುಗಳು ಒಟ್ಟಾಗಿ ಈ ಕೋರ್ಟ್‌ಹೌಸಿಗೆ ನಡೆದರು. ಮುಂದೆ ಫ್ರೆಡರಿಕ್ ರೀಸ್ ಮೇಷ್ಟ್ರು. ಭಾನುವಾರ ಚರ್ಚಿಗೆ ಹಾಕುವ ಬಟ್ಟೆ, ಕೈಯಲ್ಲಿ ಹಲ್ಲುಜ್ಜುವ ಬ್ರಶ್. ಜೈಲಿಗೆ ಹೋಗಲು ತಯಾರಾಗಿಯೇ ಬಂದಿದ್ದೇವೆ ಎಂದು ಬ್ರಶ್ ಎತ್ತಿ ತೋರಿಸಿದರು. ಸ್ಕೂಲ್ ಬೋರ್ಡ್ ಪೂರ್ತಿ ಬಿಳಿಯರದು, ಒಂದೇ ಏಟಿಗೆ ಎಲ್ಲರ ಕೆಲಸ ಹೋಗಬಹುದಿತ್ತು. ಕೌಂಟಿಯ ಪೊಲೀಸ್ ಮುಖ್ಯಸ್ಥ, ಶೆರಿಫ್ ಜಿಮ್ ಕ್ಲಾರ್ಕ್, ಈ ಟೀಚರುಗಳನ್ನು ಮೆಟ್ಟಿಲಿಂದ ಮತ್ತೆ ಮತ್ತೆ ಕೆಳಗೆ ತಳ್ಳಿಸಿದ, ಅರೆಸ್ಟ್ ಮಾತ್ರ ಮಾಡಲಿಲ್ಲ. ವಾಪಸ್ ಬಂದಾಗ ಅವರ ಮಕ್ಕಳೇ, ವಿದ್ಯಾರ್ಥಿಗಳೇ ಕೇಕೆ ಹಾಕಿ ಎದುರುಗೊಂಡರು. ಅದಾದ ಮೇಲೆ ಊರಿನ ಬೇರೆ ಕೆಲಸದವರೂ ಗುಂಪು ಗುಂಪಾಗಿ ಹೊರಟರು.

ಅಪ್ಪ ಆ ಮೆಟ್ಟಿಲುಗಳನ್ನು ಹತ್ತಿ, ಇಳಿದು, ಮತ್ತೆ ಹತ್ತಿದರು. "ಮೇಷ್ಟ್ರುಗಳು ಸಾಮಾನ್ಯವಾಗಿ ಹಿಂದೆ ನಿಲ್ತೀವಿ ಕಣಮ್ಮ. ಸಂಬಳದ ಚಿಂತೆ. ಇವರು ಮುಂದೆ ಬಂದ್ರು" ಅಂದರು. ಈ ಪ್ರವಾಸದಲ್ಲಿ ಅವರ ಕಣ್ಣು ತುಂಬಿದ್ದು ಇಲ್ಲಿ, ಸೇತುವೆ ಮೇಲಲ್ಲ.

ಎಡ್ಮಂಡ್ ಪೆಟಸ್ ಸೇತುವೆಯನ್ನು ನಡೆದೇ ದಾಟಬೇಕು. ನಡುವೆ ಉಬ್ಬಿರುವುದರಿಂದ ಈ ತುದಿಯಲ್ಲಿ ನಿಂತರೆ ಆ ತುದಿ ಕಾಣುವುದಿಲ್ಲ. ಪಕ್ಕದಲ್ಲೇ ಗಾಡಿಗಳು ಓಡುತ್ತಿರುತ್ತವೆ, ಕಾಲುದಾರಿ ಸಣ್ಣದು, ಮಕ್ಕಳ ಕೈ ಹಿಡಿದುಕೊಳ್ಳಿ. 1965ರ ಮಾರ್ಚ್ 7ರಂದು ಜಾನ್ ಲೂಯಿಸ್, ಹೋಸಿಯಾ ವಿಲಿಯಮ್ಸ್ ಮುಂದಾಗಿ, ಮತದಾನದ ಹಕ್ಕು ಕೇಳಲು ರಾಜಧಾನಿ ಮಾಂಟ್‌ಗೊಮರಿಗೆ ನಡೆದು ಹೊರಟ ಸುಮಾರು 600 ಜನ ಇಬ್ಬಿಬ್ಬರಾಗಿ ಏರಿ ಬಂದರು. ತುದಿಗೆ ಬಂದಾಗಲೇ ಕೆಳಗೆ ಸಾಲುಗಟ್ಟಿ ನಿಂತ ಪೊಲೀಸರು ಕಂಡದ್ದು. ಲಾಠಿ, ಕುದುರೆ, ಅಶ್ರುವಾಯು. ಲೂಯಿಸ್ ತಲೆಬುರುಡೆ ಬಿರಿಯಿತು. ಸೆಲ್ಮಾದ ಹೋರಾಟಗಾರ್ತಿ ಅಮೀಲಿಯಾ ಬಾಯ್ನ್‌ಟನ್ ಪ್ರಜ್ಞೆ ತಪ್ಪಿ ಬಿದ್ದರು. ಅಂದು ರಾತ್ರಿ ಟಿವಿಯಲ್ಲಿ ಸಿನಿಮಾ ನಿಲ್ಲಿಸಿ ಇದನ್ನು ತೋರಿಸಿದರು. ಮಾರ್ಚ್ 21ರಂದು ಮತ್ತೆ ಹೊರಟವರನ್ನು ಯಾರೂ ತಡೆಯಲಾಗಲಿಲ್ಲ. 54 ಮೈಲಿ ನಡೆದು 25ಕ್ಕೆ ಮಾಂಟ್‌ಗೊಮರಿ ಸೇರಿದಾಗ 25,000 ಜನ ಆಗಿದ್ದರು. ಆಗಸ್ಟ್ 6ಕ್ಕೆ ಮತದಾನದ ಹಕ್ಕಿನ ಕಾಯ್ದೆ ಬಂತು. 2013ರಲ್ಲಿ ಸುಪ್ರೀಂ ಕೋರ್ಟ್ ಅದರ ಒಂದು ಮುಖ್ಯ ಭಾಗದ ಹಲ್ಲು ಕಿತ್ತಿತು. ಆ ಕೇಸು ಹೋದದ್ದೂ ಅಲಬಾಮಾದ ಶೆಲ್ಬಿ ಕೌಂಟಿಯಿಂದಲೇ. ಬರ್ಮಿಂಗ್‌ಹ್ಯಾಮ್‌ನಿಂದ ಮಾಂಟ್‌ಗೊಮರಿಗೆ ಬರುವಾಗ ನಾವು ಅದನ್ನು ಹಾದೇ ಬಂದಿದ್ದೆವು.

ವಾಪಸ್ ಬರುವಾಗ ಅದೇ ಹೈವೇಯ ಪಕ್ಕದ ದಿಬ್ಬದ ಮೇಲೆ ವಯೋಲಾ ಲಿಯುಝೋ ಕಲ್ಲು ನೋಡಿದೆವು. ಡೆಟ್ರಾಯಿಟ್‌ನ ಬಿಳಿ ಹೆಂಗಸು, 39 ವರ್ಷ, ಐದು ಮಕ್ಕಳ ತಾಯಿ. ನಡೆದು ದಣಿದವರನ್ನು ಕಾರಿನಲ್ಲಿ ಬಿಡುತ್ತಿದ್ದಾಗ ಮಾರ್ಚ್ 25ರ ರಾತ್ರಿ ಗುಂಡಿಕ್ಕಿ ಕೊಂದರು. ಸುತ್ತ ಬೇಲಿ ಹಾಕಿದ್ದಾರೆ, ಕಲ್ಲನ್ನೂ ಹಾಳುಮಾಡುವವರಿದ್ದರಂತೆ.

ಮಾಂಟ್‌ಗೊಮರಿ ದಾಟಿ ಐ-85 ಹಿಡಿದ ಮೇಲೆ ಅಪ್ಪ ಡೈರಿ ತೆಗೆದರು. "ಆ ನಾಗಪುರದ ಲಾಸನ್ ಆಮೇಲೆ ಏನಾದ್ರು?" 1968ರಲ್ಲಿ ಅವರು ಮೆಂಫಿಸ್‌ನಲ್ಲಿದ್ದರು ಎಂದೆ. ಕಸದ ಲಾರಿಯ ಯಂತ್ರಕ್ಕೆ ಸಿಕ್ಕಿ ಇಬ್ಬರು ಪೌರಕಾರ್ಮಿಕರು ಸತ್ತರು. 1,300 ಜನ ಕೆಲಸ ನಿಲ್ಲಿಸಿ, ನಾನೂ ಮನುಷ್ಯ ಎಂದು ಬರೆದ ಫಲಕ ಹಿಡಿದು ಬೀದಿಗೆ ಬಂದರು. ಆ ಮುಷ್ಕರದ ಬೆನ್ನಿಗೆ ನಿಂತ ಸಮಿತಿಗೆ ಲಾಸನ್ ಅವರೇ ಮುಖ್ಯಸ್ಥರು. ಕಿಂಗ್ ಅವರನ್ನು ಅಲ್ಲಿಗೆ ಕರೆದವರೂ ಅವರೇ. ಏಪ್ರಿಲ್ 4ರಂದು ಕಿಂಗ್ ಅವರನ್ನು ಕೊಂದದ್ದು ಆ ಊರಿನ ಲೊರೇನ್ ಮೋಟೆಲಿನಲ್ಲಿ. ಈಗ ಅದೇ ಮ್ಯೂಸಿಯಂ.

"ಮೆಂಫಿಸ್ ಎಷ್ಟು ದೂರ?"

"ಕಾರಲ್ಲಿ ಆರು ಗಂಟೆ, ಅಪ್ಪ."

"ನನ್ನ ಟಿಕೆಟ್ ಮೇ ಕೊನೆಗೆ ತಾನೇ?" ಅಂದರು. ನಾನು ಏಪ್ರಿಲ್‌ನ ಮೂರನೇ ವಾರಕ್ಕೆ ರಜೆ ಹಾಕಿದ್ದೇನೆ. ಮಂಗಳವಾರ ಬೇಡ ಎಂದು ನೋಡಿಕೊಂಡಿದ್ದೇನೆ, ಆ ಮ್ಯೂಸಿಯಂಗೆ ಅವತ್ತು ರಜೆ.